ಸಂಪಾದಕರ ಉತ್ತರ: ಬಾಣಗಳೆಲ್ಲ ಒಂದೇ ಕಡೆಗೆ ಇವೆಯಲ್ಲ ಮೇಷ್ಟ್ರೇ

ಆಳಂದದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಜೊತೆಗೆ ಪೆನ್ಸಿಲ್‌ನಲ್ಲಿ ಬಿಡಿಸಿದ ಒಂದು ನಕ್ಷೆ. ಹಿಂದೂ ಮಹಾಸಾಗರದಲ್ಲಿ ಒಂದು ಪುಟ್ಟ ದ್ವೀಪ ದೇಶ, ಅವರ ಕಲ್ಪನೆಯದು. ಅಲ್ಲಿನ ನಾಲ್ವರು ಕರ್ನಲ್‌ಗಳು ಚುನಾಯಿತ ಅಧ್ಯಕ್ಷರನ್ನು ಜೈಲಿಗೆ ಹಾಕಿ ಗದ್ದುಗೆ ಏರಿದ್ದಾರೆ. ನಮ್ಮ ಸೇನೆ ನುಗ್ಗಬೇಕಾದ ದಾರಿಗಳಿಗೆ ನಕ್ಷೆಯಲ್ಲಿ ಬಾಣ ಹಾಕಿದ್ದಾರೆ. "1988ರಲ್ಲಿ ಮಾಲ್ದೀವ್ಸ್‌ನಲ್ಲಿ ಒಂದೇ ರಾತ್ರಿಯಲ್ಲಿ ಮುಗಿಸಿದೆವು. ಈಗ ಡ್ರೋನ್ ಇದೆ, ಉಪಗ್ರಹ ಇದೆ. ಎರಡು ತಾಸಿನ ಕೆಲಸ. ಭಾರತ ಯಾಕೆ ಹಿಂಜರಿಯಬೇಕು?" ಎಂಬುದು ಅವರ ಪ್ರಶ್ನೆ.

ಮೇಷ್ಟ್ರೇ, ನಕ್ಷೆ ಚೆನ್ನಾಗಿದೆ. ಆದರೆ 1988ರ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಅವತ್ತು ಆಗಿದ್ದೇನು? ನವೆಂಬರ್ 3ರ ಬೆಳಗಿನ ಜಾವ ಸುಮಾರು 80 ಬಾಡಿಗೆ ಬಂಟರು ಮಾಲ್ದೀವ್ಸ್ ರಾಜಧಾನಿ ಮಾಲೆಗೆ ನುಗ್ಗಿದರು. ಶ್ರೀಲಂಕಾದ ಪ್ಲಾಟ್ ಎಂಬ ತಮಿಳು ಗುಂಪಿನವರು. ಕರೆತಂದವನು ಮಾಲ್ದೀವ್ಸ್‌ನ ವ್ಯಾಪಾರಿ ಅಬ್ದುಲ್ಲಾ ಲುತುಫಿ. ಅಧ್ಯಕ್ಷ ಗಯೂಮ್ ಮಾತ್ರ ಅವರ ಕೈಗೆ ಸಿಗಲಿಲ್ಲ. ಅಡಗಿ ಕೂತಲ್ಲಿಂದಲೇ ದಿಲ್ಲಿಯ ಸಹಾಯ ಕೇಳಿದರು. ಆಗ್ರಾದಿಂದ ಐಎಲ್-76 ವಿಮಾನಗಳಲ್ಲಿ ಹೊರಟ ಪ್ಯಾರಾ ಸೈನಿಕರು ಅದೇ ರಾತ್ರಿ ಹುಲುಲೆಯಲ್ಲಿ ಇಳಿದರು. ಹುಲುಲೆ ಅಂದರೆ ಮಾಲೆ ಪಕ್ಕದ ಇನ್ನೊಂದು ದ್ವೀಪ, ವಿಮಾನ ನಿಲ್ದಾಣ ಇರುವುದು ಅಲ್ಲಿ. ಅದನ್ನು ಹಿಡಿಯುವುದನ್ನೇ ಬಂಟರು ಬಿಟ್ಟಿದ್ದರು! ಗುಟ್ಟು ಇಷ್ಟೇ ನೋಡಿ. ಕರೆಯಲು ಮನೆ ಯಜಮಾನ ಇದ್ದ, ಬಾಗಿಲು ತೆರೆದಿತ್ತು, ಒಳಗೆ ನುಗ್ಗಿದವರು ಬಹುಪಾಲು ಹೊರಗಿನವರು.

ನಿಮ್ಮ ದ್ವೀಪದಲ್ಲಿ ಈ ಮೂರೂ ಇಲ್ಲ. ಯಜಮಾನ ಜೈಲಿನಲ್ಲಿದ್ದಾನೆ. ಕರ್ನಲ್‌ಗಳು ರನ್‌ವೇಗೆ ನಾಲ್ಕು ಲಾರಿ ಅಡ್ಡ ನಿಲ್ಲಿಸಿದರೆ ದೊಡ್ಡ ವಿಮಾನ ಇಳಿಯುವುದಿಲ್ಲ. ಬಂದೂಕು ಹಿಡಿದವರು ಆ ಊರಿನದೇ ಮಕ್ಕಳು. ಇನ್ನು ಡ್ರೋನ್ ಅಂತೀರಿ. ಅಗ್ಗದ ಡ್ರೋನ್ ಈಗ ಯಾರಿಗೆ ಸಿಗುವುದಿಲ್ಲ ಹೇಳಿ?

ನಿಮ್ಮ ಕಲ್ಪನೆಗೆ ಹತ್ತಿರದ್ದು ಕೆರಿಬಿಯನ್ ಸಮುದ್ರದ ದ್ವೀಪ ದೇಶ ಗ್ರೆನಡಾ. 1983ರ ಅಕ್ಟೋಬರ್ 19ರಂದು ಸೇನೆಯವರು ಪ್ರಧಾನಿ ಮಾರಿಸ್ ಬಿಷಪ್‌ರನ್ನು ಗುಂಡಿಟ್ಟು ಕೊಂದರು. ಜನರಲ್ ಹಡ್ಸನ್ ಆಸ್ಟಿನ್‌ನ ಮಿಲಿಟರಿ ಮಂಡಳಿ ಅಧಿಕಾರಕ್ಕೆ ಬಂತು. ಆರು ದಿನಕ್ಕೆ ಅಮೆರಿಕ ಅಲ್ಲಿ ಇಳಿಯಿತು. ನಮ್ಮ ಒಂದು ತಾಲ್ಲೂಕಿನಷ್ಟೂ ಜನ ಇಲ್ಲದ ದೇಶ ಅದು. ಆದರೂ ಅಮೆರಿಕದ 19 ಸೈನಿಕರು ಸತ್ತರು. ಕೈಯಲ್ಲಿದ್ದದ್ದು ಪ್ರವಾಸಿಗರ ನಕ್ಷೆ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳನ್ನು ಕಾಪಾಡಲು ಬಂದೆವು ಎಂದವರಿಗೆ, ಅವರ ಕಾಲೇಜಿಗೆ ಇನ್ನೊಂದು ಕ್ಯಾಂಪಸ್ ಇದೆ ಎಂದು ಗೊತ್ತಾದದ್ದೇ ಇಳಿದ ಮೇಲೆ. ಒಂದು ಮಾನಸಿಕ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 108 ದೇಶಗಳು ಖಂಡಿಸಿದವು, 9 ಮಾತ್ರ ಅಮೆರಿಕದ ಕಡೆ ನಿಂತವು. ಇಷ್ಟಾದರೂ ಗ್ರೆನಡಾದವರು ಅಕ್ಟೋಬರ್ 25ನ್ನು ಕೃತಜ್ಞತಾ ದಿನ ಅಂತ ಆಚರಿಸುತ್ತಾರೆ. 2009ರಲ್ಲಿ, ಅಮೆರಿಕದ ಸೈನಿಕರು ಇಳಿದಿದ್ದ ಅದೇ ವಿಮಾನ ನಿಲ್ದಾಣಕ್ಕೆ ಬಿಷಪ್ ಹೆಸರನ್ನೂ ಇಟ್ಟರು.

ಇಂಥ ಎರಡು ಮನಸ್ಸು ನಮ್ಮ ಕಡೆಯವರಿಗೆ ಹೊಸದಲ್ಲ, ಅಲ್ವಾ? ನಿಜಾಮನ ಹೈದರಾಬಾದ್ ಸಂಸ್ಥಾನದಿಂದ ಬಿಡುಗಡೆಯಾದ ದಿನವೆಂದು ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ. ಹಾರಿಸಲೇಬೇಕು. ನಿಜಾಮನ ಪರ ನಿಂತ ರಜಾಕಾರರ ಹಾವಳಿ ಎಂಥದ್ದಿತ್ತು ಅಂತ ಬೀದರ್ ಜಿಲ್ಲೆಯ ಗೋರ್ಟಾದವರನ್ನು ಕೇಳಿದರೆ ಗೊತ್ತಾಗುತ್ತದೆ. ಹೈದರಾಬಾದ್ ಪರದೇಶವೇನಲ್ಲ, ಅದರ ಮಾತೇ ಬೇರೆ, ಗೊತ್ತು. ನಾನು ಹೇಳುವುದು ಆಮೇಲಿನ ದಿನಗಳ ಬಗ್ಗೆ. 1948ರ ಸೆಪ್ಟೆಂಬರ್ 13ಕ್ಕೆ ಶುರುವಾದ ಭಾರತ ಸೇನೆಯ ಕಾರ್ಯಾಚರಣೆ, ಅಂದರೆ 'ಪೊಲೀಸ್ ಆ್ಯಕ್ಷನ್', ಐದು ದಿನಕ್ಕೆ ಮುಗಿಯಿತು. ಸೇಡಿನ ಕೊಲೆಗಳು ಮುಗಿಯಲಿಲ್ಲ. ನೆಹರೂ ಸರ್ಕಾರವೇ ಕಳಿಸಿದ ಸುಂದರ್‌ಲಾಲ್ ಸಮಿತಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜು ಮಾಡಿತು. ಜಾಸ್ತಿ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಇದೆ, ಬೀದರ್ ಇದೆ. ಆ ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ. ಇವತ್ತಿಗೂ 'ಪೊಲೀಸ್ ಆ್ಯಕ್ಷನ್' ಅಂದರೆ ಕೆಲವು ಮನೆಗಳಲ್ಲಿ ಹಿರಿಯರ ದನಿ ಏರುತ್ತದೆ, ಕೆಲವು ಮನೆಗಳಲ್ಲಿ ಇಳಿಯುತ್ತದೆ. ಒಂದೇ ಓಣಿಯಲ್ಲಿ.

ಮಾಲೆಯಲ್ಲಿ ಗೆದ್ದ ಆ ರಾತ್ರಿ ನಮ್ಮದೇ ಸೇನೆ ಪಕ್ಕದ ಶ್ರೀಲಂಕಾದಲ್ಲಿ ಸಿಕ್ಕಿಬಿದ್ದಿತ್ತು. ಅಲ್ಲೂ ಸರ್ಕಾರವೇ ಒಪ್ಪಂದ ಮಾಡಿಕೊಂಡು 1987ರಲ್ಲಿ ಕರೆಸಿಕೊಂಡಿತ್ತು. 1990ರ ಮಾರ್ಚ್‌ನಲ್ಲಿ ವಾಪಸು ಬರುವಷ್ಟರಲ್ಲಿ ಸುಮಾರು 1,200 ಸೈನಿಕರನ್ನು ಕಳೆದುಕೊಂಡಿದ್ದೆವು. ನಿಮ್ಮ ಪತ್ರವನ್ನು ನಮ್ಮ ಮುದ್ರಣಾಲಯದ ಹುಡುಗನಿಗೆ ಓದಿ ಹೇಳಿದೆ. "ಹೋಗೋದು ಹೋದ್ರಿ, ಬರೋದು ಯಾವಾಗ್ರಿ?" ಅಂದ. ನನಗಿಂತ ಚೆನ್ನಾಗಿ ಕೇಳಿದ.

ಹಾಗಾದರೆ ಸುಮ್ನೆ ಕೂರಬೇಕಾ ಅಂತ ನೀವು ಸಿಟ್ಟಾಗಬಹುದು. 2018ರ ಫೆಬ್ರವರಿಯಲ್ಲಿ ಮಾಲ್ದೀವ್ಸ್ ಅಧ್ಯಕ್ಷ ಯಾಮೀನ್ ತುರ್ತು ಪರಿಸ್ಥಿತಿ ಹೇರಿದಾಗ, ಸೇನೆಯ ಬಲದ ಜೊತೆ ದೂತರನ್ನು ಕಳಿಸಿ ಎಂದು ಮಾಜಿ ಅಧ್ಯಕ್ಷ ನಶೀದ್ ಭಾರತವನ್ನು ಕೇಳಿದರು. ನಾವು ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಜನರೇ ಮತ ಹಾಕಿ ಯಾಮೀನರನ್ನು ಇಳಿಸಿದರು. ನಿಮ್ಮ ಕರ್ನಲ್‌ಗಳು ಚುನಾವಣೆ ಮಾಡುವ ಪೈಕಿ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಅಂಥವರ ಬ್ಯಾಂಕು, ಎಣ್ಣೆ, ಅಕ್ಕಿ ಹಡಗು ಬಿಗಿ ಹಿಡಿಯುವುದು ನಿಧಾನದ ದಾರಿ, ಅದರಲ್ಲಿ ಬಡವರೂ ನರಳುತ್ತಾರೆ. ಆದರೂ ನಾನು ಮೊದಲು ಅದನ್ನೇ ನೋಡುತ್ತೇನೆ.

ಪೆನ್ಸಿಲ್ ಗೆರೆ ಮಸುಕಾದ್ದರಿಂದ ನಕ್ಷೆಯನ್ನು ಅಚ್ಚು ಹಾಕಲು ಆಗಲಿಲ್ಲ. ಕಪ್ಪು ಶಾಯಿಯಲ್ಲಿ ಬಿಡಿಸಿ ಕಳಿಸಿ. ವಾಪಸು ಬರುವ ಬಾಣವನ್ನೂ ಹಾಕಿ. ಹಾಗೇ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಎಲ್ಲಿದೆ ಅಂತ ಗುರುತು ಮಾಡಿ. 2014ರ ಡಿಸೆಂಬರ್‌ನಲ್ಲಿ ಮಾಲೆಯ ಘಟಕಕ್ಕೆ ಬೆಂಕಿ ಬಿದ್ದು, ಊರಿಗೆಲ್ಲ ಕುಡಿಯುವ ನೀರನ್ನು ನಾವು ವಿಮಾನ, ಹಡಗುಗಳಲ್ಲಿ ಕಳಿಸಬೇಕಾಯಿತು. ಅಂಥ ಘಟಕಗಳು ದಡದ ಮೇಲೇ ಇರುತ್ತವೆ. ನಿಮ್ಮ ಮೂರನೇ ಬಾಣ ನೇರ ಅದಕ್ಕೇ ಹೋಗಿ ತಾಗಿದೆಯೇನೋ ಅಂತ ನನ್ನ ಅನುಮಾನ.