ಓದುಗರ ಅಂಗಳ: ಪ್ಲೇಆಫ್‌ಗೆ ಮುನ್ನ ತಂಡವನ್ನು ತೂಗುವುದು ಹೇಗೆ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2022ರ ಋತುವಿನಲ್ಲಿ ಮಿನೆಸೋಟ ವೈಕಿಂಗ್ಸ್ 17ರಲ್ಲಿ 13 ಪಂದ್ಯ ಗೆದ್ದಿತ್ತು. ಆದರೂ ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಸುತ್ತುಗಳ) ಮೊದಲ ಪಂದ್ಯದಲ್ಲೇ, ಅದೂ ತವರಿನಲ್ಲಿ, ನ್ಯೂಯಾರ್ಕ್ ಜೈಂಟ್ಸ್‌ಗೆ 24–31ರಿಂದ ಸೋತಿತು. ಇಂಥ ತಂಡವನ್ನು ಮೊದಲೇ ಗುರುತಿಸಲು ಆಗುತ್ತದೆಯೇ?

ಆಗುತ್ತದೆ. ಅಂಕಪಟ್ಟಿಯಲ್ಲಿ ಗೆಲುವಿನ ಪಕ್ಕದಲ್ಲೇ ಇನ್ನೆರಡು ಸಂಖ್ಯೆಗಳಿರುತ್ತವೆ: ಗಳಿಸಿದ ಪಾಯಿಂಟ್, ಬಿಟ್ಟುಕೊಟ್ಟ ಪಾಯಿಂಟ್. ವೈಕಿಂಗ್ಸ್ ಗಳಿಸಿದ್ದು 424, ಕೊಟ್ಟಿದ್ದು 427. ಹದಿಮೂರು ಪಂದ್ಯ ಗೆದ್ದ ತಂಡದ ಖಾತೆಯಲ್ಲಿ ಮೂರು ಪಾಯಿಂಟ್ ಸಾಲ! ಎಂಟು ಅಥವಾ ಅದಕ್ಕಿಂತ ಕಡಿಮೆ ಪಾಯಿಂಟ್‌ಗಳಲ್ಲಿ ತೀರ್ಮಾನವಾದ 11 ಪಂದ್ಯಗಳನ್ನೂ ಅದು ಗೆದ್ದಿತ್ತು. ಸೋತಾಗ ಮಾತ್ರ ಡಲ್ಲಾಸ್ ಎದುರು 3–40, ಗ್ರೀನ್ ಬೇ ಎದುರು 17–41.

ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಹೀಗೆ ಮಾಡಿ. ಗಳಿಸಿದ ಪಾಯಿಂಟನ್ನು 2.37ರ ಘಾತಕ್ಕೆ ಏರಿಸಿ. ಕೊಟ್ಟ ಪಾಯಿಂಟನ್ನೂ ಅಷ್ಟೇ ಘಾತಕ್ಕೆ ಏರಿಸಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, ಬಂದದ್ದನ್ನು ಪಂದ್ಯಗಳ ಸಂಖ್ಯೆಯಿಂದ ಗುಣಿಸಿ. ವೈಕಿಂಗ್ಸ್‌ಗೆ ಸಿಗುವುದು 8.4 ಗೆಲುವು. ಅಂದರೆ ಆಟದ ಯೋಗ್ಯತೆ ಎಂಟೂವರೆಯ ಹತ್ತಿರ, ಉಳಿದ ನಾಲ್ಕೂವರೆ ಕೊನೆಯ ಗಳಿಗೆಯ ಕೊಡುಗೆ. ಕೂದಲೆಳೆಯ ಗೆಲುವುಗಳು ಒಂದು ವರ್ಷ ಸಾಲಾಗಿ ಬಂದವು ಎಂದ ಮಾತ್ರಕ್ಕೆ ಮುಂದಿನ ವಾರವೂ ಬರುತ್ತವೆ ಎನ್ನುವಂತಿಲ್ಲ.

ಈ ಲೆಕ್ಕದಲ್ಲಿ ಹಲವರು ಎಡವುವ ಒಂದು ಜಾಗವಿದೆ. 2024ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ 15–2 (15 ಗೆಲುವು, 2 ಸೋಲು), ಪಾಯಿಂಟ್ 385–326. ಸೂತ್ರಕ್ಕೆ ಹಾಕಿದರೆ 10.2 ಗೆಲುವು. ಆದರೆ ಕೊನೆಯ ವಾರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಡೆನ್ವರ್ ಎದುರು 0–38ರಿಂದ ಸೋತದ್ದೂ ಅದರಲ್ಲಿ ಸೇರಿದೆ. ಆ ಪಂದ್ಯವನ್ನು ತೆಗೆದುಹಾಕಿ 385–288 ಇಟ್ಟುಕೊಂಡರೆ 16 ಪಂದ್ಯಗಳಿಗೆ ಸುಮಾರು 10.6 ಬರುತ್ತದೆ. ಆಗಲೂ ಅದು 15ಕ್ಕಿಂತ ಬಹಳ ಕೆಳಗೇ. ಹಾಗಿದ್ದೂ ಚೀಫ್ಸ್ ಫೈನಲ್ ಪಂದ್ಯವಾದ ಸೂಪರ್ ಬೌಲ್‌ವರೆಗೆ ಹೋಯಿತು ಎಂಬುದನ್ನು ಮರೆಯುವಂತಿಲ್ಲ. ಸೂತ್ರ ಹೇಳುವುದು ತಂಡದ ತೂಕವನ್ನು, ಭವಿಷ್ಯವನ್ನಲ್ಲ.

ತಿರುಗಿಸಿ ನೋಡಿದರೆ 2010ರ ಗ್ರೀನ್ ಬೇ ಪ್ಯಾಕರ್ಸ್ ಕಾಣುತ್ತದೆ. 10–6 ದಾಖಲೆ, ತನ್ನ ಕಾನ್ಫರೆನ್ಸ್‌ನಲ್ಲಿ (ಲೀಗಿನ ಎರಡು ಗುಂಪುಗಳಲ್ಲಿ ಒಂದು) ಆರನೇ ಸೀಡ್, ಅಂದರೆ ಪ್ಲೇಆಫ್ ಶ್ರೇಯಾಂಕದಲ್ಲಿ ಆರನೆಯದು. ಆದರೆ ಆರು ಸೋಲುಗಳಲ್ಲಿ ಒಂದೂ ನಾಲ್ಕು ಪಾಯಿಂಟ್ ದಾಟಿರಲಿಲ್ಲ, ಒಟ್ಟು ಅಂತರ ಪ್ಲಸ್ 148. ಆ ವರ್ಷದ ಸೂಪರ್ ಬೌಲ್ ಗೆದ್ದದ್ದು ಅದೇ ತಂಡ.

ಪ್ರಶ್ನೆ: ಪಾಸಿಂಗ್ (ಚೆಂಡನ್ನು ಮುಂದಕ್ಕೆ ಎಸೆದು ಆಡುವ) ಬಲವನ್ನು ಅಳೆಯಲು ಒಟ್ಟು ಯಾರ್ಡ್ ಸಾಕೇ?

ಸಾಲದು. ಹಿಂದೆ ಬಿದ್ದ ತಂಡ ಹೆಚ್ಚು ಎಸೆಯುತ್ತದೆ, ಹೆಚ್ಚು ಯಾರ್ಡ್ ಕೂಡಿಸುತ್ತದೆ. ಸೋಲುವ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) 350 ಯಾರ್ಡ್ ಹೊಡೆದದ್ದು ಹೊಸ ವಿಷಯವೇನಲ್ಲ. ಪ್ರತಿ ಎಸೆತಕ್ಕೆ ಎಷ್ಟು ಸಿಕ್ಕಿತು ಎಂದು ಕೇಳಿ. ಪಾಸಿಂಗ್ ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೆ (ಎಸೆತದಿಂದ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದಾಗ) 20 ಸೇರಿಸಿ, ಪ್ರತಿ ಇಂಟರ್ಸೆಪ್ಷನ್‌ಗೆ (ಎದುರಾಳಿ ಹಿಡಿದ ಎಸೆತಕ್ಕೆ) 45 ಕಳೆಯಿರಿ, ಸ್ಯಾಕ್‌ಗಳಲ್ಲಿ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗ) ಹೋದ ಯಾರ್ಡನ್ನೂ ಕಳೆಯಿರಿ. ಉಳಿದದ್ದನ್ನು ಎಸೆತ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸಿ. ಉದಾಹರಣೆಗೆ 560 ಎಸೆತ, 4,100 ಯಾರ್ಡ್, 28 ಟಚ್‌ಡೌನ್, 12 ಇಂಟರ್ಸೆಪ್ಷನ್, 40 ಸ್ಯಾಕ್‌ಗಳಲ್ಲಿ 260 ಯಾರ್ಡ್ ನಷ್ಟ ಎಂದುಕೊಳ್ಳಿ. 4,100ಕ್ಕೆ 560 ಕೂಡಿ, 540 ಮತ್ತು 260 ಕಳೆದರೆ 3,860. ಅದನ್ನು 600ರಿಂದ ಭಾಗಿಸಿದರೆ 6.43.

ಅರ್ಧ ಕೆಲಸ ಅಷ್ಟೇ ಆಯಿತು. ಇದೇ ಲೆಕ್ಕವನ್ನು ಆ ತಂಡದ ಡಿಫೆನ್ಸ್ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದಕ್ಕೂ ಮಾಡಿ, ಎರಡರ ವ್ಯತ್ಯಾಸ ತೆಗೆಯಿರಿ. ವ್ಯತ್ಯಾಸ ಒಂದಕ್ಕಿಂತ ಮೇಲಿದ್ದರೆ ಆ ತಂಡಕ್ಕೆ ಹೆದರಲೇಬೇಕು. ಸೊನ್ನೆಯ ಆಸುಪಾಸಿನಲ್ಲಿದ್ದು ದಾಖಲೆ ಮಾತ್ರ 12–5 ಇದ್ದರೆ ಟರ್ನೋವರ್ (ಚೆಂಡು ಎದುರಾಳಿಯ ವಶವಾದ ಪ್ರಸಂಗ) ಅಂಕಣದತ್ತ ಕಣ್ಣು ಹಾಯಿಸಿ, ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ. ಚೆಂಡನ್ನು ಬೀಳಿಸುವಂತೆ ಹೊಡೆಯುವುದು ಕಸುಬು. ಬಿದ್ದ ಚೆಂಡು ಯಾರ ಕೈಗೆ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಬಿದ್ದ ಹತ್ತರಲ್ಲಿ ಎಂಟನ್ನು ಎತ್ತಿಕೊಂಡ ತಂಡದ ಟರ್ನೋವರ್ ಲಾಭವನ್ನು ಅದರ ಶಕ್ತಿಯ ಖಾತೆಗೆ ಬರೆಯಬೇಡಿ.

ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ಎಷ್ಟೇ ದೊಡ್ಡವನಿದ್ದರೂ ಕೆಲವು ಪಂದ್ಯಗಳಲ್ಲಿ ಏನೂ ನಡೆಯುವುದಿಲ್ಲವಲ್ಲ, ಏಕೆ?

ಅವನನ್ನು ಕಾಯಲು ಮುಂದೆ ನಿಲ್ಲುವ ಐವರನ್ನು, ಅಂದರೆ ಲೈನನ್ನು, ನೋಡಿ. 2020ರ ಋತುವಿನ ಸೂಪರ್ ಬೌಲ್‌ಗೆ ಚೀಫ್ಸ್ ತನ್ನ ಎರಡೂ ಬದಿಯ ಟ್ಯಾಕಲ್‌ಗಳಿಲ್ಲದೆ, ಅಂದರೆ ಆ ಸಾಲಿನ ಎರಡು ತುದಿಯವರಿಲ್ಲದೆ, ಇಳಿಯಿತು. ಎರಿಕ್ ಫಿಶರ್‌ಗೆ ಹಿಂದಿನ ಪಂದ್ಯದಲ್ಲೇ ಅಕಿಲೀಸ್ ಸ್ನಾಯುರಜ್ಜು ಹರಿದಿತ್ತು, ಮಿಚೆಲ್ ಶ್ವಾರ್ಟ್ಜ್ ಅದಕ್ಕೂ ಮೊದಲೇ ಹೊರಗಿದ್ದರು. ಟ್ಯಾಂಪಾ ಬೇ ಬಕನೀರ್ಸ್ 31–9ರಿಂದ ಗೆದ್ದಿತು, ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇಡೀ ರಾತ್ರಿ ಓಡಿಕೊಂಡೇ ಎಸೆದರು. ನಾಲ್ಕು ವರ್ಷದ ನಂತರದ ಸೂಪರ್ ಬೌಲ್‌ನಲ್ಲೂ ಚೀಫ್ಸ್‌ಗೆ ಅದೇ ಕಥೆ. ಎಡ ಟ್ಯಾಕಲ್ ಜಾಗದಲ್ಲಿ ಸಾಲಿನ ಒಳಜಾಗದ ಆಟಗಾರ, ಗಾರ್ಡ್ ಜೋ ಥೂನಿ ನಿಂತಿದ್ದರು. ಫಿಲಡೆಲ್ಫಿಯಾ ಈಗಲ್ಸ್ ಒಮ್ಮೆಯೂ ಬ್ಲಿಟ್ಜ್ ಮಾಡದೆ (ನಾಲ್ವರಿಗಿಂತ ಹೆಚ್ಚು ಜನರನ್ನು ನುಗ್ಗಿಸದೆ) ಆರು ಸ್ಯಾಕ್ ಪಡೆದು 40–22ರಿಂದ ಗೆದ್ದಿತು.

ಬ್ಲಿಟ್ಜ್ ಇಲ್ಲದೆ ಎಂಬ ಮಾತೇ ಮುಖ್ಯ. ಐದನೆಯವನನ್ನೋ ಆರನೆಯವನನ್ನೋ ಮುಂದೆ ನುಗ್ಗಿಸಿದರೆ ಹಿಂದೆ ಒಂದು ಜಾಗ ಖಾಲಿಯಾಗುತ್ತದೆ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಲ್ಲಿಗೇ ಎಸೆಯುತ್ತಾನೆ. ನಾಲ್ವರೇ ನುಗ್ಗಿ ಒತ್ತಡ ತಂದರೆ ಹಿಂದೆ ಏಳು ಜನ ಕಾವಲಿಗಿರುತ್ತಾರೆ. ಹಾಗಾಗಿ ಸ್ಯಾಕ್‌ಗಳ ಒಟ್ಟು ಸಂಖ್ಯೆಗಿಂತ ‘ನಾಲ್ವರಿಂದ ಎಷ್ಟು ಬಾರಿ ಒತ್ತಡ ಬಂತು’ ಎಂಬ ಅಂಕಿ ಹುಡುಕಿ. ಅದನ್ನು ಎದುರಾಳಿಯ ಅತಿ ದುರ್ಬಲ ಲೈನ್‌ಮನ್ ಪಕ್ಕ ಇಟ್ಟು ನೋಡಿ. ಐವರಲ್ಲಿ ನಾಲ್ವರು ಗಟ್ಟಿಗರಿದ್ದರೂ ಐದನೆಯವನ ಬದಿಯಿಂದ ಗೋಡೆ ಕುಸಿಯುತ್ತದೆ.

ಪ್ರಶ್ನೆ: ಓಟದ ಆಟವೇ ಬಲವಾಗಿರುವ ತಂಡ ಪ್ಲೇಆಫ್‌ನಲ್ಲಿ ನಿಲ್ಲುತ್ತದೆಯೇ?

ಮುನ್ನಡೆಯಲ್ಲಿದ್ದರೆ ನಿಲ್ಲುತ್ತದೆ. ಬಾಲ್ಟಿಮೋರ್ ರೇವನ್ಸ್ 2019ರಲ್ಲಿ 3,296 ಯಾರ್ಡ್ ಓಡಿ ದಾಖಲೆ ಬರೆದು 14–2ರೊಂದಿಗೆ ಬಂದಿತ್ತು. ಪ್ಲೇಆಫ್‌ನಲ್ಲಿ ಟೆನೆಸೀ ಟೈಟನ್ಸ್ ಬೇಗನೆ 14–0 ಮಾಡಿಕೊಂಡಿತು. ಆಮೇಲೆ ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಾಮಾರ್ ಜಾಕ್ಸನ್ 59 ಬಾರಿ ಎಸೆಯಬೇಕಾಯಿತು, ನಾಲ್ಕನೇ ಡೌನ್‌ನ (ಹತ್ತು ಯಾರ್ಡ್ ದಾಟಲು ಸಿಗುವ ಕೊನೆಯ ಅವಕಾಶದ) ನಾಲ್ಕೂ ಪ್ರಯತ್ನ ವಿಫಲವಾದವು. ಫಲಿತಾಂಶ 12–28. ಇಂಥ ತಂಡಗಳ ವಿಷಯದಲ್ಲಿ, ಋತುವಿನಲ್ಲಿ ಹತ್ತು ಪಾಯಿಂಟ್ ಹಿಂದೆ ಬಿದ್ದಾಗ ಏನು ಮಾಡಿತು ಎಂದು ನೋಡಿ. ಹಿಂದೆ ಬೀಳುವ ಪ್ರಸಂಗವೇ ಬಂದಿಲ್ಲವೆಂದರೆ ಆ ಪರೀಕ್ಷೆ ಇನ್ನೂ ಬಾಕಿಯಿದೆ ಎಂದೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ‘ಲಯ’ದಲ್ಲಿರುವ ತಂಡಕ್ಕೇ ಮಣೆ ಹಾಕಬೇಕೇ?

ಲಯ ಎಂಬ ಪದದ ಹಿಂದಿರುವ ಕಾರಣ ಹುಡುಕಿ. ಈಗಲ್ಸ್ 2023ರಲ್ಲಿ 10–1 ಇದ್ದದ್ದು ಕೊನೆಯ ಆರರಲ್ಲಿ ಐದು ಸೋತು, ಮೊದಲ ಸುತ್ತಿನಲ್ಲಿ ಬಕನೀರ್ಸ್‌ಗೆ 9–32ರಿಂದ ಶರಣಾಯಿತು. ಡಿಫೆನ್ಸ್‌ನ ಆಟ ನಿರ್ಧರಿಸುವ ಕೋಚನ್ನು ಡಿಸೆಂಬರ್‌ನಲ್ಲಿ ಬದಲಿಸಿದರೂ ಸೋರುವುದು ನಿಲ್ಲಲಿಲ್ಲ, ಪ್ಲೇಆಫ್ ದಿನ ಎಸೆತ ಹಿಡಿಯುವ ಮುಖ್ಯ ರಿಸೀವರ್ ಎ.ಜೆ. ಬ್ರೌನ್ ಗಾಯದಿಂದ ಹೊರಗಿದ್ದರು. 2012ರ ರೇವನ್ಸ್ ಕೂಡ ಕೊನೆಯ ಐದರಲ್ಲಿ ನಾಲ್ಕು ಸೋತಿತ್ತು, ಆದರೆ ಸೂಪರ್ ಬೌಲ್ ಗೆದ್ದಿತು. ಅಲ್ಲಿ ಅಫೆನ್ಸ್‌ನ (ದಾಳಿ ಪಡೆಯ) ಹೊಣೆ ಕೋಚ್ ಜಿಮ್ ಕಾಲ್ಡ್‌ವೆಲ್‌ಗೆ ಹೋಗಿತ್ತು, ಗಾಯಗೊಂಡಿದ್ದ ಡಿಫೆನ್ಸ್‌ನ ಆಧಾರ ರೇ ಲೂಯಿಸ್ ಮರಳಿದರು, ಬ್ರಯಂಟ್ ಮೆಕಿನ್ನಿಯನ್ನು ಎಡ ಟ್ಯಾಕಲ್‌ಗೆ ತಂದು ಲೈನನ್ನು ಹೊಸದಾಗಿ ಜೋಡಿಸಲಾಗಿತ್ತು. ರೋಗ ವಾಸಿಯಾದ ತಂಡ ಮತ್ತು ರೋಗ ಉಲ್ಬಣಿಸಿದ ತಂಡ ಅಂಕಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ.

ಪ್ರಶ್ನೆ: ಮೊದಲ ಸೀಡ್‌ಗೆ ಅಷ್ಟೊಂದು ಬೆಲೆ ಏಕೆ?

2020ರಿಂದ ಪ್ರತಿ ಕಾನ್ಫರೆನ್ಸ್‌ನಿಂದ ಏಳು ತಂಡ ಬರುತ್ತವೆ, ಮೊದಲ ಸುತ್ತಿನ ಬಿಡುವು ಒಂದಕ್ಕೆ ಮಾತ್ರ. ಸೂಪರ್ ಬೌಲ್‌ಗೆ ಉಳಿದವರು ಮೂರು ಗೆಲ್ಲಬೇಕು, ಮೊದಲ ಸೀಡ್‌ಗೆ ಎರಡು ಸಾಕು. ಎರಡೂ ತವರಿನಲ್ಲೇ.

ಪ್ರಶ್ನೆ: ಗಾಯಾಳುಗಳ ಪಟ್ಟಿಯನ್ನು ಓದುವುದು ಹೇಗೆ?

ಭಾನುವಾರದ ಪಂದ್ಯಕ್ಕೆ ಬುಧ, ಗುರು, ಶುಕ್ರ ಮೂರೂ ದಿನದ ಅಭ್ಯಾಸದ ವರದಿ ಬರುತ್ತದೆ: ಪೂರ್ಣ, ಭಾಗಶಃ, ಇಲ್ಲ. ಶನಿವಾರದ ಪಂದ್ಯವಿದ್ದರೆ ಒಂದು ದಿನ ಮೊದಲು. ದಿಕ್ಕು ಮುಖ್ಯ. ‘ಇಲ್ಲ, ಭಾಗಶಃ, ಪೂರ್ಣ’ ಎಂದು ಏರಿದವನು ಬಹುತೇಕ ಆಡುತ್ತಾನೆ. ಬುಧವಾರ ಪೂರ್ಣ ಇದ್ದು ಶುಕ್ರವಾರ ‘ಇಲ್ಲ’ ಆದವನ ವಿಷಯದಲ್ಲಿ ವಾರದ ಮಧ್ಯೆ ಏನೋ ಕೆಟ್ಟಿದೆ. ಹಿರಿಯ ಆಟಗಾರರಿಗೆ ಬುಧವಾರ ಬರೀ ವಿಶ್ರಾಂತಿ ಕೊಡುವುದೂ ಉಂಟು, ಅದಕ್ಕೆ ಗಾಬರಿ ಬೇಡ. ಕೊನೆಗೆ ‘ಕ್ವೆಶ್ಚನಬಲ್’ ಎಂದರೆ ಅನುಮಾನ, ‘ಡೌಟ್‌ಫುಲ್’ ಎಂದರೆ ಬಹುತೇಕ ಇಲ್ಲ, ‘ಔಟ್’ ಎಂದರೆ ಇಲ್ಲವೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಹೆಸರು ನೋಡಿ ಪಟ್ಟಿ ಮುಚ್ಚಬೇಡಿ, ಟ್ಯಾಕಲ್ ಮತ್ತು ಕಾರ್ನರ್‌ಬ್ಯಾಕ್‌ಗಳ (ಎದುರಾಳಿ ರಿಸೀವರ್‌ಗಳನ್ನು ತಡೆಯುವವರ) ಸಾಲನ್ನೂ ಓದಿ. ಆಡದವರ ಅಂತಿಮ ಪಟ್ಟಿ ಪಂದ್ಯ ಆರಂಭಕ್ಕೆ 90 ನಿಮಿಷ ಮೊದಲು ಹೊರಬೀಳುತ್ತದೆ. ಅದನ್ನು ನೋಡುವವರೆಗೆ ನಿಮ್ಮ ಲೆಕ್ಕವನ್ನು ಪೆನ್ಸಿಲ್‌ನಲ್ಲೇ ಇಟ್ಟುಕೊಳ್ಳಿ.