ಕರಾರಿನಲ್ಲಿ ಬರೆದ ದಂಡ ಪೂರ್ತಿ ಸಿಗುತ್ತದೆಯೇ?

ಪ್ರಶ್ನೆ: ಯಂತ್ರದ ಬಿಡಿಭಾಗಗಳು ತಡವಾದರೆ ದಿನಕ್ಕೆ ಒಟ್ಟು ಬೆಲೆಯ ಶೇಕಡಾ 2ರಷ್ಟು ದಂಡ ಎಂದು ನಮ್ಮ ಕರಾರಿನಲ್ಲಿದೆ. ಸರಬರಾಜುದಾರರು 20 ದಿನ ತಡಮಾಡಿದ್ದಾರೆ. ಅವರೇ ಸಹಿ ಹಾಕಿರುವುದರಿಂದ ಬಿಲ್ಲಿನಲ್ಲಿ ಶೇಕಡಾ 40ರಷ್ಟನ್ನು ಮುರಿದುಕೊಳ್ಳಬಹುದಲ್ಲವೇ?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ; ಪ್ರತಿ ಸಲವೂ ಅದು 'ಸಹಿ ಹಾಕಿದ್ದಾರಲ್ಲ' ಎಂಬ ಒಂದೇ ಮಾತಿನ ಮೇಲೆ ನಿಂತಿರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ನಮೂದಿಸಿದ ಮೊತ್ತವು ಪರಿಹಾರದ ಗರಿಷ್ಠ ಮಿತಿಯೇ ಹೊರತು ತಾನಾಗಿ ಕೈಸೇರುವ ಹಣವಲ್ಲ. ಆ ಮಿತಿಯೊಳಗೆ ನ್ಯಾಯಾಲಯಕ್ಕೆ ಸಮಂಜಸವೆಂದು ಕಂಡಷ್ಟೇ ಸಿಗುತ್ತದೆ. ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿದ ಈ ತತ್ತ್ವವನ್ನು 2015ರಲ್ಲಿ ಮತ್ತೆ ದೃಢಪಡಿಸಿದೆ. ನಷ್ಟವನ್ನು ಅಂಕಿಗಳಲ್ಲಿ ತೋರಿಸುವುದು ನಿಜವಾಗಿಯೂ ಕಷ್ಟವಾಗಿದ್ದು, ಮೊತ್ತವು ಉಭಯತರು ಮೊದಲೇ ಮಾಡಿದ ಪ್ರಾಮಾಣಿಕ ಅಂದಾಜಾಗಿದ್ದರೆ ಅದನ್ನು ಎತ್ತಿಹಿಡಿಯಬಹುದು. ಆದರೆ ನಷ್ಟವೇ ಆಗದಿದ್ದಲ್ಲಿ, ಎದುರಿನವರನ್ನು ಹೆದರಿಸಲೆಂದು ಬರೆದ ಶೇಕಡಾವಾರು ನಿಮ್ಮನ್ನು ಕಾಪಾಡುವುದಿಲ್ಲ.

ನಾನು ನಿಮ್ಮನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮಾಲು ಇಳಿಸಿಕೊಂಡ ದಿನ ಚಲನ್ ಮೇಲೆ ಏನು ಬರೆದಿರಿ? 'ಮಾಲು ಸರಿಯಾಗಿ ತಲುಪಿದೆ' ಎಂದಷ್ಟೇ ಬರೆದು ಸಹಿ, ಮೊಹರು ಹಾಕಿಕೊಟ್ಟಿದ್ದರೆ ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ. ಕಾಲಮಿತಿಯೇ ಜೀವಾಳವಾಗಿರುವ ಕರಾರಿನಲ್ಲಿ, ಗಡುವು ಮೀರಿ ಬಂದದ್ದನ್ನು ಒಪ್ಪಿಕೊಳ್ಳುವವರು ಒಪ್ಪಿಕೊಳ್ಳುವ ಹೊತ್ತಿಗೇ ತಾವು ಪರಿಹಾರ ಕೇಳಲಿದ್ದೇವೆಂದು ತಿಳಿಸದಿದ್ದರೆ, ಆ ವಿಳಂಬಕ್ಕಾಗಿ ಆಮೇಲೆ ಪರಿಹಾರ ಕೇಳುವಂತಿಲ್ಲ ಎಂದು 55ನೇ ಕಲಂ ಹೇಳುತ್ತದೆ. 'ವಿಳಂಬದ ಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಲಾಗಿದೆ' ಎಂಬ ಒಂದು ಸಾಲನ್ನು ಚಲನ್ ಮೇಲೆ ಬರೆದು, ಅಂದೇ ಅದನ್ನು ಇಮೇಲ್‌ನಲ್ಲೂ ಕಳುಹಿಸಿದ್ದರೆ ಇಂದು ನಿಮ್ಮ ವಾದಕ್ಕೆ ಗಟ್ಟಿ ಆಧಾರವಿರುತ್ತಿತ್ತು. ಸ್ವೀಕರಿಸುವ ಮೊದಲೇ 'ಪರವಾಗಿಲ್ಲ, ಮುಂದಿನ ವಾರ ಕಳುಹಿಸಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಉತ್ತರಿಸಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ಎದುರಿನ ವಕೀಲರು ಮೊದಲು ಹಾಜರುಪಡಿಸುವುದು ಅದನ್ನೇ.

ಆದ್ದರಿಂದ ಈಗಲೇ ಬಿಲ್ಲಿನ ಹಣ ಮುರಿದುಕೊಳ್ಳಬೇಡಿ. ವಿಳಂಬದಿಂದ ಯಂತ್ರ ಎಷ್ಟು ದಿನ ನಿಂತಿತು, ಬೇರೆಡೆಯಿಂದ ಬಿಡಿಭಾಗ ತರಿಸಲು ಎಷ್ಟು ಹೆಚ್ಚು ಕೊಟ್ಟಿರಿ, ಯಾವ ಗಿರಾಕಿ ಆದೇಶ ರದ್ದುಮಾಡಿದರು ಎಂಬುದನ್ನು ದಾಖಲೆಗಳ ಸಮೇತ ಜೋಡಿಸಿಕೊಳ್ಳಿ. ನಷ್ಟವನ್ನು ತಗ್ಗಿಸಲು ನೀವೇನು ಮಾಡಿದಿರೆಂಬುದನ್ನೂ ನ್ಯಾಯಾಲಯ ನೋಡುತ್ತದೆ. ಸರಬರಾಜುದಾರರು ಸಣ್ಣ ಉದ್ದಿಮೆಯಾಗಿ ನೋಂದಾಯಿತರಾಗಿದ್ದರೆ ಇನ್ನೂ ಎಚ್ಚರ ಬೇಕು: 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯಂತೆ, ಒಪ್ಪಂದ ಏನೇ ಇರಲಿ, ಮಾಲು ಸ್ವೀಕರಿಸಿದ 45 ದಿನಗಳೊಳಗೆ ಅವರಿಗೆ ಹಣ ಸಲ್ಲಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ನಿಮ್ಮ ತಲೆಗೆ ಬರುತ್ತದೆ. ನಾನಾಗಿದ್ದರೆ ವಿವಾದವಿಲ್ಲದ ಮೊತ್ತವನ್ನು ಮೊದಲು ಪಾವತಿಸಿ, ಉಳಿದುದಕ್ಕೆ ಕಾರಣ ಬರೆದು ನೋಟಿಸು ಕೊಡುತ್ತಿದ್ದೆ.

ಪ್ರಶ್ನೆ: ಕೊಂಡು ಆರು ತಿಂಗಳಾದ ಛಾಪಾ ಕಾಗದದ ಮೇಲೆ ಬರೆದ ಕರಾರು ಅಸಿಂಧುವೇ?

ಉತ್ತರ: ಅಲ್ಲ. ಆರು ತಿಂಗಳ ಗಡುವು ಬಳಸದ ಕಾಗದದ ಹಣ ಮರಳಿ ಪಡೆಯುವುದಕ್ಕಷ್ಟೇ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ.

ಪ್ರಶ್ನೆ: ಬಾಯಿಮಾತಿನ ಕರಾರಿಗೆ ಬೆಲೆ ಇದೆಯೇ?

ಉತ್ತರ: ಬರಹ ಕಡ್ಡಾಯವೆಂದು ಕಾನೂನು ಹೇಳದ ವ್ಯವಹಾರಗಳಲ್ಲಿ ಇದೆ, ಸಾಬೀತುಪಡಿಸುವ ಹೊಣೆ ನಿಮ್ಮದು.

ಪ್ರಶ್ನೆ: ಪರಿಚಯದ ಟೈಪಿಂಗ್ ಅಂಗಡಿಯವರು ಎಲ್ಲ ವ್ಯವಹಾರಕ್ಕೂ ಆಗುವ ಸಿದ್ಧ ಕರಾರು ಕೊಡುತ್ತಾರೆ. ಬಳಸಬಹುದೇ?

ಉತ್ತರ: ಬೇಡ. ಮನೆ ಬಾಡಿಗೆಯ ಷರತ್ತುಗಳು ಹಾಗೆಯೇ ಉಳಿದುಕೊಂಡಿದ್ದ ಸರಬರಾಜು ಕರಾರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂಥವನ್ನು ಮಾರುವವರು ವ್ಯಾಜ್ಯ ಬಂದಾಗ ನಿಮ್ಮ ಜೊತೆ ನಿಲ್ಲುವುದಿಲ್ಲ.