ತಾಮ್ರದ ತಂತಿ ತೆಗೆದರೆ ನಿಮ್ಮ ರಬ್ಬರ್ ಪ್ರಾಣಿ ಉಳಿಯುತ್ತದೆ

ಪ್ರಶ್ನೆ: ನನ್ನ ಹತ್ತಿರ ಆರು ಇಂಚಿನ ಆಕ್ಷನ್ ಫಿಗರ್‌ಗಳು (ಕೈಕಾಲು ಆಡಿಸಬಹುದಾದ ಗೊಂಬೆಗಳು) ಇಪ್ಪತ್ತಕ್ಕಿಂತ ಜಾಸ್ತಿ ಇವೆ. ಅವುಗಳ ಎದುರು ನಿಲ್ಲಿಸೋಕೆ ಕೆಸರಿನಲ್ಲಿ ಬದುಕುವ ಒಂದು ದೊಡ್ಡ ಪ್ರಾಣಿ ಬೇಕಿತ್ತು. ಹೋದ ವರ್ಷ ಹಳೇ ಕರೆಂಟ್ ವೈರಿನ ಒಳಗಿನ ತಂತಿ ಬಿಡಿಸಿ ಎಲುಬು ಮಾಡಿದೆ, ಸ್ಪಂಜು ಸುತ್ತಿ ಮೇಲೆ ಲ್ಯಾಟೆಕ್ಸ್ (ದ್ರವ ರೂಪದ ರಬ್ಬರ್) ದಪ್ಪಗೆ ಬಳಿದೆ, ಎನಾಮೆಲ್ ಬಣ್ಣ ಹಚ್ಚಿದೆ. ಆರೇ ತಿಂಗಳಿಗೆ ಕಾಲೆಲ್ಲ ಅಂಟಂಟು, ಮೊಣಕಾಲಲ್ಲಿ ಬಿರುಕು, ಬಣ್ಣವೂ ಸಿಪ್ಪೆ ಎದ್ದಿದೆ. ಇನ್ನೊಮ್ಮೆ ಮಾಡಬೇಕು ಅಂತಿದ್ದೇನೆ. ಅಚ್ಚು ಮಾಡಲೇಬೇಕಾ? ಮಾವನ ತೋಟ ಸುಳ್ಯದಲ್ಲಿದೆ, ಅಲ್ಲಿನ ರಬ್ಬರ್ ಹಾಲು ಆಗುತ್ತಾ?

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ತಪ್ಪು ಆ ತಂತಿಯದ್ದು. ಕರೆಂಟ್ ವೈರಿನೊಳಗೆ ಇರುವುದು ಸಾಮಾನ್ಯವಾಗಿ ತಾಮ್ರ. ತಾಮ್ರಕ್ಕೂ ನೈಸರ್ಗಿಕ ರಬ್ಬರಿಗೂ ಆಗಿಬರುವುದಿಲ್ಲ. ತಾಮ್ರದ ಅಂಶ ಸ್ವಲ್ಪ ಸೋಕಿದರೂ ರಬ್ಬರ್ ಗಾಳಿಯ ಆಮ್ಲಜನಕದ ಜೊತೆ ಬೇಗ ಸೇರಿ ಹಾಳಾಗುತ್ತದೆ, ಮೊದಲು ಅಂಟಾಗಿ ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಕಾಲಿನಲ್ಲಿ ಸ್ಪಂಜು ತೆಳು, ತಂತಿ ಚರ್ಮಕ್ಕೆ ಹತ್ತಿರ, ಅದಕ್ಕೇ ಅಲ್ಲಿಂದ ಶುರುವಾಯಿತು. ಹಿತ್ತಾಳೆಯಲ್ಲೂ ತಾಮ್ರ ಇರುವುದರಿಂದ ಹಿತ್ತಾಳೆಯ ನಟ್ಟು, ಮಣಿ ಯಾವುದೂ ಬೇಡ.

ಈ ಸಲ 2 ಮಿ.ಮೀ. ಅಲ್ಯೂಮಿನಿಯಂ ತಂತಿ ತನ್ನಿ. ಎರಡೆಳೆ ಸೇರಿಸಿ ಹೊಸೆಯಿರಿ. ಎದೆ, ಸೊಂಟ, ತೊಡೆಯ ಮಧ್ಯೆ ಎಂ-ಸೀಲ್ ಮೆತ್ತಿ ಎಲುಬಿನ ಹಾಗೆ ಗಟ್ಟಿ ಮಾಡಿ, ಕೀಲು ಇರುವಲ್ಲಿ ಮಾತ್ರ ತಂತಿ ಬರಿದಾಗಿರಲಿ. ಇದನ್ನು ಮಾಡದಿದ್ದರೆ ಪ್ರಾಣಿ ರಬ್ಬರ್ ಪೈಪಿನ ಹಾಗೆ ಎಲ್ಲೆಂದರಲ್ಲಿ ಬಾಗುತ್ತದೆ, ನೋಡಿದರೆ ಜೀವ ಇದೆ ಅನ್ನಿಸುವುದಿಲ್ಲ. ಪಾದದೊಳಗೆ ಒಂದು ಸ್ಟೀಲ್ ನಟ್ಟು ಹುದುಗಿಸಿದರೆ ಕೆಳಗಿನ ಹಲಗೆಯಿಂದ ಸ್ಕ್ರೂ ಹಾಕಿ ನಿಲ್ಲಿಸಬಹುದು. ಎಲ್ಲದರ ಮೇಲೆ ಹತ್ತಿ ದಾರ ಸುತ್ತಿಬಿಡಿ, ಸ್ಪಂಜು ಜಾರುವುದಿಲ್ಲ.

ಅಚ್ಚಿನ ಬಗ್ಗೆ ಕೇಳಿದ್ದೀರಿ. ಒಂದೇ ಪ್ರಾಣಿ ಬೇಕಾದರೆ ಬೇಡ ಅಂತಲೇ ನಾನು ಹೇಳುತ್ತೇನೆ. ನಾಲ್ಕೈದು ಮಾಡುವುದಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ಒಳ್ಳೆಯದು, ಅದು ಲ್ಯಾಟೆಕ್ಸಿನ ನೀರನ್ನು ಹೀರಿಕೊಂಡು ಗೋಡೆಗೆ ಪದರ ಕಟ್ಟಿಸುತ್ತದೆ, ಆದರೆ ಅದರೊಳಗೆ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಹೀರುವ ಗುಣವೂ ಹೋಯಿತು, ರಬ್ಬರೂ ಕೆಟ್ಟಿತು. ನಿಮಗೆ ಮೇಲಿಂದ ಮೇಲೆ ಕಟ್ಟುತ್ತಾ ಹೋಗುವ ದಾರಿಯೇ ಸಾಕು. 1933ರ ಕಿಂಗ್ ಕಾಂಗ್ ಸಿನಿಮಾಕ್ಕೆ ಮಾರ್ಸೆಲ್ ಡೆಲ್ಗಾಡೊ ಮಾಡಿದ ಗೊಂಬೆಗಳೂ ಹೀಗೇ ಕಟ್ಟಿದವು: ಒಳಗೆ ಲೋಹದ ಎಲುಬು, ಅದರ ಮೇಲೆ ಹತ್ತಿ, ರಬ್ಬರಿನ ಮಾಂಸಖಂಡ, ಹೊರಗೆ ಮೊಲದ ತುಪ್ಪಳ.

ಸ್ಪಂಜನ್ನು ಕತ್ತರಿಯಲ್ಲಿ ಚಿವುಟಿ ಚಿವುಟಿ ಆಕಾರಕ್ಕೆ ತನ್ನಿ. ಲ್ಯಾಟೆಕ್ಸಿನಲ್ಲಿ ಅದ್ದಿದ ಹತ್ತಿಯ ಎಳೆಗಳನ್ನು ಭುಜಕ್ಕೆ, ತೊಡೆಗೆ ಸ್ನಾಯುವಿನ ಹಾಗೆ ಎಳೆದು ಅಂಟಿಸಿ. ಆಮೇಲೆ ತೆಳುವಾಗಿ ಬಳಿಯಿರಿ. ದಪ್ಪಗೆ ಬಳಿದರೆ ಮೇಲೆ ಪೊರೆ ಕಟ್ಟುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿಯೇ ಇರುತ್ತದೆ. ಹಾಲಿನ ಬಿಳಿ ಹೋಗಿ ಚರ್ಮ ಅರೆಪಾರದರ್ಶಕವಾದ ಮೇಲೆಯೇ ಮುಂದಿನ ಪದರ. ಹೀಗೆ ಆರೆಂಟು ಸಲ. ಮಳೆಗಾಲದಲ್ಲಿ ಒಂದೊಂದು ಪದರಕ್ಕೂ ತುಂಬಾ ಹೊತ್ತು ಬೇಕು, ದಯವಿಟ್ಟು ಅವಸರ ಮಾಡಬೇಡಿ. ಬ್ರಷ್ಷನ್ನು ಮೊದಲು ಸೋಪು ನೀರಿನಲ್ಲಿ ಅದ್ದಿದರೆ ಕೂದಲು ಗಂಟಾಗುವುದಿಲ್ಲ.

ಈಗ ನನಗೆ ತುಂಬಾ ಇಷ್ಟದ ಕೆಲಸ, ಚರ್ಮ. ಹಸಿ ಲ್ಯಾಟೆಕ್ಸಿನ ಮೇಲೆ ಟಿಶ್ಯೂ ಪೇಪರಿನ ಒಂದೇ ಪದರ ಇಟ್ಟು ಬೆರಳಿನಿಂದ ತಳ್ಳಿದರೆ ಮುದುಕರ ಕೈ ಮೇಲಿನಂಥ ಸುಕ್ಕು ಬರುತ್ತದೆ. ಬೆನ್ನ ಮೇಲಿನ ಗುಳ್ಳೆಗಳಿಗೆ ಎಳೆಯ ಹಾಗಲಕಾಯಿಯನ್ನು ಜೇಡಿಮಣ್ಣಿಗೆ ಒತ್ತಿ, ಮೂಡಿದ ಗುಂಡಿಗಳಲ್ಲಿ ಲ್ಯಾಟೆಕ್ಸ್ ಬಳಿದು ಒಣಗಿಸಿ, ಪೌಡರ್ ಹಾಕಿ ಸುಲಿದು ಬೆನ್ನಿಗೆ ಅಂಟಿಸಿ. ಆದರೆ ಅಳತೆ ನೆನಪಿರಲಿ. ಆರು ಇಂಚಿನ ಫಿಗರ್ ಅಂದರೆ 1/12, ಅಂದರೆ ಅಲ್ಲಿ ಒಂದು ಇಂಚು ಒಂದು ಅಡಿಗೆ ಸಮ. ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ದಪ್ಪದ ಸುಕ್ಕು ಅಂದರೆ ಆ ಪ್ರಾಣಿಗೆ ಒಂದಿಂಚು ದಪ್ಪ! ಕಣ್ಣಿಗೂ ಅಷ್ಟೇ, 4-5 ಮಿ.ಮೀ. ಗಾಜಿನ ಮಣಿ ಸಾಕು. ಕಣ್ಣು ದೊಡ್ಡದಾದಷ್ಟೂ ಪ್ರಾಣಿ ಮರಿಯ ಹಾಗೆ ಕಾಣುತ್ತದೆ.

ಎನಾಮೆಲ್ ಬಿಟ್ಟುಬಿಡಿ. ಅದರ ಟರ್ಪೆಂಟೈನಿಗೆ ರಬ್ಬರ್ ಉಬ್ಬುತ್ತದೆ, ಒಣಗಿದ ಬಣ್ಣ ಚರ್ಮದ ಜೊತೆ ಹಿಗ್ಗುವುದಿಲ್ಲ. ಲ್ಯಾಟೆಕ್ಸಿಗೇ ಸ್ವಲ್ಪ ಅಕ್ರಿಲಿಕ್ ಬೆರೆಸಿ ಹಚ್ಚಿ. ಒಣಗಿದ ಮೇಲೆ ಬಣ್ಣ ಗಾಢವಾಗುತ್ತದೆ, ಮೊದಲು ಒಂದು ಚೂರಿನ ಮೇಲೆ ನೋಡಿಕೊಳ್ಳಿ.

ಮಾವನ ತೋಟದ ಹಾಲು ಮಾತ್ರ ಬೇಡ. ಮರದಿಂದ ಇಳಿಸಿದ ಹಾಲಿನಲ್ಲಿ ರಬ್ಬರಿಗಿಂತ ನೀರೇ ಜಾಸ್ತಿ, ಅಮೋನಿಯಾ ಹಾಕದಿದ್ದರೆ ಬೇಗ ಒಡೆದು ಗಟ್ಟಿಯಾಗುತ್ತದೆ. ಒಣಗಿದರೂ ಅದು ವಲ್ಕನೈಸ್ ಆಗದ, ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡದ ರಬ್ಬರು, ಸೆಕೆಗೆ ಮೆತ್ತಗಾಗಿ ಅಂಟುತ್ತದೆ. ಅಂಗಡಿಯಲ್ಲಿ ಪ್ರಿವಲ್ಕನೈಸ್ಡ್ (ಮೊದಲೇ ವಲ್ಕನೈಸ್ ಮಾಡಿದ) ಲ್ಯಾಟೆಕ್ಸ್ ಅಂತ ಕೇಳಿ ತನ್ನಿ. ಅದರಲ್ಲೂ ಅಮೋನಿಯಾ ಇರುತ್ತದೆ, ಕಿಟಕಿ ತೆರೆದಿಡಿ. ಮನೆಯಲ್ಲಿ ಯಾರಿಗಾದರೂ ಲ್ಯಾಟೆಕ್ಸ್ ಅಲರ್ಜಿ ಇದ್ದರೆ ಈ ಕೆಲಸವೇ ಬೇಡ, ಅದು ಅಪಾಯಕಾರಿ.

ಪ್ರಶ್ನೆ: ಪ್ರಾಣಿಯ ಕೈಯಲ್ಲಿ ಫಿಗರ್ ಹಿಡಿಸಿ ಇಡಬಹುದಾ?

ಉತ್ತರ: ಫೋಟೋ ತೆಗೆಯುವಷ್ಟು ಹೊತ್ತು ಇಡಿ, ತಿಂಗಳುಗಟ್ಟಲೆ ಬೇಡ. ಫಿಗರ್‌ಗಳ ಮೆತ್ತನೆಯ ಭಾಗ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಬೆರೆಸಿರುವ ಮೆದುಕಾರಕ ರಬ್ಬರಿಗೆ ಇಳಿದು ಎರಡೂ ಅಂಟಾಗಬಹುದು. ಪ್ರಾಣಿಯನ್ನು ಬಿಸಿಲು ಬೀಳದ ಕಪಾಟಿನಲ್ಲಿಡಿ, ವರ್ಷಕ್ಕೆರಡು ಸಲ ಪೌಡರ್ ಸವರಿ. ಇಷ್ಟೆಲ್ಲ ಮಾಡಿದರೂ ಲ್ಯಾಟೆಕ್ಸ್ ಒಂದು ದಿನ ಮುಪ್ಪಾಗುತ್ತದೆ. ಆಗ ಚರ್ಮ ಸುಲಿದು ಅದೇ ಎಲುಬಿನ ಮೇಲೆ ಹೊಸದು ಕಟ್ಟಬಹುದು, ಅದಕ್ಕಾಗಿ ಎಲುಬು ಮಾಡುವಾಗಲೇ ಅದರ ಅಳತೆ ಬರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.